ಡೆನ್ಮಾರ್ಕಿನ ಅಂಕಪಟ್ಟಿ ನೋಡಿ ರಜೆ ಕೇಳಿದ ವರ್ಷ

ನನಗೆ ಫುಟ್‌ಬಾಲ್ ಎಂದರೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಜಗತ್ತಿನ ಅತಿ ದೊಡ್ಡ ಪಂದ್ಯಾವಳಿ ದೋಹಾಕ್ಕೇ ಬಂದು, ಮುಖಕ್ಕೆ ಬಣ್ಣ ಬಳಿದುಕೊಂಡವರು ನಮ್ಮ ಮೆಟ್ರೊದೊಳಗೆ ಡೋಲು ಬಾರಿಸಿಕೊಂಡು ನಿಂತಾಗಲೂ ನಾನು ಕೇಳಿದ್ದು ಒಂದೇ ಪ್ರಶ್ನೆ: ಇವರೆಲ್ಲ ಯಾವಾಗ ಊರಿಗೆ ಹೋಗುತ್ತಾರೆ, ನನಗೆ ಕೂರಲು ಸೀಟು ಯಾವಾಗ ಸಿಗುತ್ತದೆ? ಅಂಥವಳು ಎರಡು ವರ್ಷ ಕಳೆಯುವುದರೊಳಗೆ ಡೆನ್ಮಾರ್ಕ್ ದೇಶದ ಅಗ್ರ ಲೀಗಿನ ಹನ್ನೆರಡು ತಂಡಗಳ ಹೆಸರನ್ನು ಜಪಮಾಲೆ ಹೇಳಿದ ಹಾಗೆ ಒಂದೇ ಉಸಿರಿಗೆ ಹೇಳುವಂತಾದೆ. ಭಕ್ತಿಯೇನೂ ಇರಲಿಲ್ಲ. ಎಲ್ಲ ಒಂದು ರಜೆಗಾಗಿ.

ದೋಹಾದ ಪಕ್ಕದ ಲುಸೈಲಿನಲ್ಲಿ ಕಟ್ಟಡ ಕಟ್ಟುವ ಒಂದು ಕಂಪನಿಯಲ್ಲಿ ನಾನು ವಿಭಾಗದ ಸೆಕ್ರೆಟರಿ. ಕಾರ್ಕಳದ ಕಡೆಯ, ಕೊಂಕಣಿ ಮಾತಾಡುವ ಕ್ರೈಸ್ತರ ಮನೆಯವಳು. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಟೈಪಿಂಗ್ ಹುಟ್ಟಿನಿಂದಲೇ ಬರುತ್ತದೆ ಎಂದು ಗಲ್ಫಿನ ಕಂಪನಿಗಳು ನಂಬಿರುವುದರಿಂದ ಕೆಲಸ ಸಿಗುವುದು ಕಷ್ಟವಾಗಲಿಲ್ಲ. ಗಂಡ ಗ್ಯಾಸ್ ಪ್ಲಾಂಟಿನ ಮೆಂಟೆನೆನ್ಸಿನಲ್ಲಿದ್ದಾನೆ. ಅಲ್ ಮನ್ಸೂರಾದಲ್ಲಿ ಒಂದು ಫ್ಲ್ಯಾಟನ್ನು ಪ್ಲೈವುಡ್ ಹೊಡೆದು ಮೂರು ಮಾಡಿದ್ದರಲ್ಲಿ ಒಂದು ಭಾಗ ನಮ್ಮದು. ಪಕ್ಕದವರು ಮೆಣಸು ಹುರಿದರೆ ನಾವು ಕಣ್ಣೊರೆಸಿಕೊಳ್ಳಬೇಕು, ಅಷ್ಟು ಆತ್ಮೀಯತೆ. ಅಲ್ಲಿ ಮಗು ಬೆಳೆಸುವುದು ಆಗದ ಮಾತು ಎಂದು ಮಗಳಿಗೆ ಐದು ತುಂಬಿದಾಗ ಊರಿನಲ್ಲಿರುವ ನನ್ನ ಅಕ್ಕನ ಮನೆಯಲ್ಲಿ ಬಿಟ್ಟು ಬಂದೆವು. ಈಗ ಅವಳಿಗೆ ಒಂಬತ್ತು. ಎರಡು ವರ್ಷಕ್ಕೊಮ್ಮೆ ಹೋಗಿ ಮುದ್ದು ಮಾಡಿ, ವಾಪಸ್ ಬರುವ ದಿನ ಇಬ್ಬರೂ ಅತ್ತು, ಮತ್ತೆ ಎರಡು ವರ್ಷ. ಹೀಗೇ ನಡೆದಿತ್ತು.

ಆ ಜುಲೈಯಲ್ಲಿ ನಮ್ಮ ವಿಭಾಗಕ್ಕೆ ಹೊಸ ಮುಖ್ಯಸ್ಥರು ಬಂದರು. ಡೆನ್ಮಾರ್ಕಿನ ಪಶ್ಚಿಮದ ಯಾವುದೋ ಸಣ್ಣ ಪಟ್ಟಣದವರು. ಆರಡಿಗೂ ಮಿಕ್ಕಿದ ಎತ್ತರ, ಮಾತು ಮಾತ್ರ ಪಡಿ ಅಕ್ಕಿಯ ಹಾಗೆ ಅಳೆದು ಕೊಡುವುದು. ಹಿಂದಿನ ಸಾಹೇಬರು ಬೈದೇ ಮಾತು ಶುರು ಮಾಡುತ್ತಿದ್ದರು. ಅವರ ಮನಸ್ಸಿನಲ್ಲಿ ಏನಿದೆ ಎಂದು ಎರಡು ಮಹಡಿ ಕೆಳಗಿನ ಸೆಕ್ಯುರಿಟಿಯವನಿಗೂ ಗೊತ್ತಾಗುತ್ತಿತ್ತು. ಇವರು ಬೈಯಲಿಲ್ಲ, ಹೊಗಳಲಿಲ್ಲ. ಬೈಯದ ಸಾಹೇಬರನ್ನು ಹೇಗೆ ಅರ್ಥ ಮಾಡಿಕೊಳ್ಳುವುದು? ಗಲ್ಫಿನಲ್ಲಿ ಹದಿನೈದು ವರ್ಷ ಸವೆಸಿದವರೂ ಕಂಗಾಲಾದರು.

ಅವರಲ್ಲಿ ಮೊದಲನೆಯವರು ಪ್ಲಾನಿಂಗಿನಲ್ಲಿದ್ದ ಉಡುಪಿಯವರು. ತುಳು ಮನೆಮಾತಿನವರು, ಕ್ರೈಸ್ತ ಹೆಂಗಸರನ್ನು ಕರೆಯುವ ಊರಿನ ರೂಢಿಯಂತೆ ನನ್ನನ್ನು ಬಾಯಮ್ಮ ಎಂದೇ ಕರೆಯುವವರು. ಆಗಸ್ಟಿನ ಒಂದು ಭಾನುವಾರ ಸಂಜೆ ಅವರು ರಜೆಯ ಅರ್ಜಿ ಹಿಡಿದು ಸಾಹೇಬರ ಕ್ಯಾಬಿನ್ನಿಗೆ ಹೋದರು. ಸಾಹೇಬರು ಲ್ಯಾಪ್‌ಟಾಪಿನಲ್ಲಿ ಫುಟ್‌ಬಾಲ್ ನೋಡುತ್ತಿದ್ದರಂತೆ. ಅರ್ಜಿಯನ್ನು ಒಂದು ಕ್ಷಣ ನೋಡಿ, "ಇದು ಸರಿಯಿಲ್ಲ, ಮತ್ತೆ ತನ್ನಿ" ಎಂದು ವಾಪಸ್ ಕೊಟ್ಟರಂತೆ. ಉಡುಪಿಯವರು ಮುಖ ಬಾಡಿಸಿಕೊಂಡು ನನ್ನ ಮೇಜಿಗೆ ಬಂದರು.

"ಎಂತ ಗೊತ್ತುಂಟಾ ಬಾಯಮ್ಮ, ಅವರ ಊರಿನ ಟೀಮು ಸೋಲ್ತಾ ಇತ್ತು. ಅದೇ ಹೊತ್ತಿಗೆ ನಾನು ಹೋದದ್ದು. ನನ್ನ ಗ್ರಾಚಾರ!"

ಮುಂದಿನ ಭಾನುವಾರ ಆ ತಂಡ ಗೆದ್ದಿತು. ಸೋಮವಾರ ಬೆಳಿಗ್ಗೆ ಅವರು ಹೊಸ ಅರ್ಜಿ ಬರೆದು ಕೊಟ್ಟರು. ಸಾಹೇಬರು ಪೆನ್ನು ತೆಗೆದು ಸಹಿ ಹಾಕಿಯೇಬಿಟ್ಟರು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಗಿತ್ತು. ಆದರೆ ಸಂಬಳಕ್ಕಿರುವವರು ಕಾಗೆಯನ್ನು ಬಿಟ್ಟು ಬೇರೇನನ್ನು ತಾನೇ ನಂಬಿಯಾರು? ಅಂದಿನಿಂದ ನಮ್ಮ ವಿಭಾಗದಲ್ಲಿ ಡೆನ್ಮಾರ್ಕಿನ ಲೀಗು ಪಂಚಾಂಗವಾಯಿತು, ಅರ್ಜಿಗಳ ಫೈಲು ನನ್ನ ಮೇಜಿನ ಮೇಲೆ ಇದ್ದದ್ದರಿಂದ ನಾನು ಜೋಯಿಸಳಾದೆ.

ಕೆಲಸದ ಕ್ರಮ ಹೀಗೆ. ದೋಹಾದಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಚರ್ಚಿನ ಪೂಜೆಗೂ ನಾವು ಶುಕ್ರವಾರವೇ ಹೋಗುತ್ತೇವೆ. ದೇವರು ಅಷ್ಟು ಹೊಂದಾಣಿಕೆ ಮಾಡಿಕೊಂಡಿದ್ದಾನೆ. ಭಾನುವಾರ ನಮಗೆ ವಾರದ ಮೊದಲ ಕೆಲಸದ ದಿನ. ಡೆನ್ಮಾರ್ಕಿನವರು ಮಾತ್ರ ಭಾನುವಾರವೇ ಮಧ್ಯಾಹ್ನದ ಊಟ ಮುಗಿಸಿ ಆಡುತ್ತಾರೆ, ಅದು ನಮಗೆ ಸಂಜೆಯ ಚಹಾದ ಹೊತ್ತು. ನಾನು ಮೊಬೈಲಿನಲ್ಲಿ ಅಂಕ ನೋಡುತ್ತಿದ್ದೆ. ಗೆದ್ದರೆ ಸೋಮವಾರ ಬೆಳಿಗ್ಗೆ ಅರ್ಜಿಗಳು ಒಳಗೆ. ಸೋತರೆ ಫೈಲು ಡ್ರಾಯರಿನಲ್ಲಿ. ಡ್ರಾ ಆದರೆ ಸಣ್ಣಪುಟ್ಟದು ಕಳಿಸಬಹುದು: ಅರ್ಧ ದಿನದ ಅನುಮತಿ, ಹೊಸ ಕುರ್ಚಿಯ ಬೇಡಿಕೆ, ಇಂಥವು. ನಮ್ಮದು ಕಾಗದವಿಲ್ಲದ ಕಚೇರಿ ಎಂದು ಗೋಡೆಯ ಮೇಲೆ ಕಾಗದ ಅಂಟಿಸಿದ್ದರು. ಅದರ ಕೆಳಗೇ ಕೂತು ನಾನು ಇಷ್ಟನ್ನೂ ಮಾಡುತ್ತಿದ್ದೆ.

ನನ್ನ ಬೆಲೆ ಏರಿತು. ಹಿಂದೆ ನನ್ನ ಕಡೆ ತಿರುಗಿಯೂ ನೋಡದ ಎಂಜಿನಿಯರುಗಳು ಖರ್ಜೂರದ ಡಬ್ಬಿ ತಂದಿಟ್ಟು, "ಮೇಡಂ, ಈ ವಾರ ಹೇಗಿದೆ?" ಎಂದು ಕೇಳತೊಡಗಿದರು. ಸ್ಟೋರಿನ ಮಲಯಾಳಿ, ನಾವೆಲ್ಲ ಚೇಟ, ಎಂದರೆ ಅಣ್ಣ, ಎಂದು ಕರೆಯುವವರು, ದಿನಕ್ಕೆ ಎರಡು ಸಲ ಬಂದು ಹಿಂದಿಯಲ್ಲಿ, "ಹಮಾರಾ ಟೀಮ್ ಕೈಸಾ ಹೈ?" ಎನ್ನುತ್ತಿದ್ದರು. ಕೋಯಿಕ್ಕೋಡಿನಲ್ಲಿ ಹುಟ್ಟಿ ಬ್ರೆಜಿಲ್ಲಿಗೆ ಪ್ರಾಣ ಕೊಡಲು ಸಿದ್ಧವಿದ್ದ ಮನುಷ್ಯನಿಗೆ ಈಗ ಡೆನ್ಮಾರ್ಕಿನ ಕೊನೆಯಿಂದ ಎರಡನೆಯ ತಂಡ 'ಹಮಾರಾ' ಆಗಿತ್ತು.

ಹೌದು, ಕೊನೆಯಿಂದ ಎರಡನೆಯದು. ದುರದೃಷ್ಟಕ್ಕೆ ನಮ್ಮ ಸಾಹೇಬರ ತಂಡ ಸೋಲುವುದರಲ್ಲಿ ಪಳಗಿದ ತಂಡ. ಹಿಂದಿನ ವರ್ಷ ಕೆಳಗಿನ ದರ್ಜೆಯಿಂದ ಮೇಲೆ ಬಂದದ್ದಂತೆ, ಬಂದ ಮೇಲೆ ಯಾಕೆ ಬಂದೆವಪ್ಪಾ ಎಂಬ ಮುಖ ಹೊತ್ತುಕೊಂಡೇ ಆಡುತ್ತಿತ್ತು. ಅವರ ಆಟಗಾರರ ಪಟ್ಟಿಯನ್ನು ನಾವು ಒಮ್ಮೆ ಬಿಡಿಸಿ ನೋಡಿದೆವು. ನಾಲ್ವರಿಗೆ ಸಾಹೇಬರದ್ದೇ ಕುಲನಾಮ.

"ಸಂಬಂಧಿಕರಾ ಎಂತ?" ಎಂದು ಉಡುಪಿಯವರು ಕೇಳಿದರು.

ನಾನು ನಕ್ಕುಬಿಟ್ಟೆ. ನಮ್ಮ ಚರ್ಚಿನ ಪಟ್ಟಿ ನೋಡಿ ಬೆಳೆದವಳಿಗೆ ಇದು ಒಂದು ವಿಷಯವೇ? ಪೋರ್ಚುಗೀಸರು ಬಿಟ್ಟುಹೋದ ಒಂದು ಹಿಡಿ ಕುಲನಾಮಗಳನ್ನೇ ಇಡೀ ಜಿಲ್ಲೆಯ ನಾವು ಹಂಚಿಕೊಂಡಿದ್ದೇವೆ. ಒಂದೇ ಬೆಂಚಿನಲ್ಲಿ ಒಂದೇ ಕುಲನಾಮದ ಐದು ಮಂದಿ ಕೂತು, ಯಾರಿಗೂ ಯಾರೂ ಏನೂ ಆಗಬೇಕಾಗಿಲ್ಲದಿರುವುದುಂಟು. "ಕುಲನಾಮ ಒಂದೇ ಇದ್ದ ಮಾತ್ರಕ್ಕೆ ನೆಂಟರಾದರೆ ನಾನು ಅರ್ಧ ಮಂಗಳೂರಿಗೆ ಸಾವಿನ ಮನೆಯ ಕಾಫಿ ಮಾಡಿ ಕೊಡಬೇಕಾದೀತು" ಎಂದೆ. ಉಡುಪಿಯವರೂ ಒಪ್ಪಿದರು. ನನ್ನ ಜಾಣತನದ ಬಗ್ಗೆ ಆ ದಿನ ನನಗೆ ಬಹಳ ಹೆಮ್ಮೆಯಾಗಿತ್ತು.

ಪಂಚಾಂಗ ಕೆಲವೊಮ್ಮೆ ಕೈಕೊಡುತ್ತಿತ್ತು ಎನ್ನುವುದನ್ನೂ ಹೇಳಬೇಕು. ಅಕ್ಟೋಬರಿನಲ್ಲಿ ಒಮ್ಮೆ ನಾಲ್ಕು ಗೋಲಿನಿಂದ ಸೋತ ಮರುದಿನ ಸಾಹೇಬರು ಶಿಳ್ಳೆ ಹಾಕುತ್ತ ಬಂದು ಎಲ್ಲರಿಗೂ ಕರಕ್ ಚಹಾ ತರಿಸಿದರು. ಇನ್ನೊಮ್ಮೆ ಗೆದ್ದ ಮರುದಿನ ಯಾರ ಮುಖವನ್ನೂ ನೋಡಲಿಲ್ಲ. ನಾನು ಹೆದರಲಿಲ್ಲ. ಹೇಳಿದ್ದು ತಪ್ಪಿದಾಗ ಏನು ಹೇಳಬೇಕೆಂದು ಜೋಯಿಸರಿಗೆ ಯಾರಾದರೂ ಕಲಿಸಿಕೊಡಬೇಕೇ? "ಗೋಲು ಕೊನೆಯ ಗಳಿಗೆಯಲ್ಲಿ ಬಂದದ್ದು, ಅದರ ಫಲ ತಡವಾಗಿ ಕಾಣುತ್ತದೆ" ಎಂದು ನಾನು ಹೇಳಿದೆ, ಎಂಜಿನಿಯರಿಂಗ್ ಓದಿದವರು ತಲೆಯಾಡಿಸಿದರು.

ಡಿಸೆಂಬರಿನ ಮೊದಲ ವಾರ ಲೀಗು ನಿಂತುಹೋಯಿತು. ಡೆನ್ಮಾರ್ಕಿನಲ್ಲಿ ಚಳಿಯಂತೆ. ಫೆಬ್ರವರಿ ನಡುವಿನ ತನಕ ಆಟವಿಲ್ಲವಂತೆ. ಎರಡು ತಿಂಗಳಿಗೂ ಹೆಚ್ಚು ರಜೆ! ಬಿಸಿಲಿಗೆ ಬೂಟಿನ ಅಡಿ ಮೆತ್ತಗಾಗುವ ಊರಿನಲ್ಲಿ ಮೂವತ್ತು ದಿನದ ರಜೆಗೆ ಕೈಮುಗಿದು ನಿಂತಿದ್ದ ನಾವು ಈ ಸುದ್ದಿಯನ್ನು ಬಾಯಿ ತೆರೆದು ಓದಿದೆವು. ಹಿಂದೂಗಳಿಗೆ ಶೂನ್ಯಮಾಸದಲ್ಲಿ ಶುಭಕಾರ್ಯವಿಲ್ಲ, ನಮಗೆ ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಮದುವೆಯಿಲ್ಲ. ಇಬ್ಬರಿಗೂ ಸೇರಿ ಈಗ ಡೆನ್ಮಾರ್ಕಿನ ಚಳಿಗಾಲ ಬಂತು. ಅರ್ಜಿಗಳು ಡ್ರಾಯರಿನಲ್ಲಿ ರಾಶಿಬಿದ್ದವು. ಕಾದು ಸಾಕಾದವರು ಇಬ್ಬರೋ ಮೂವರೋ ಧೈರ್ಯ ಮಾಡಿ ನೇರವಾಗಿ ಹೋಗಿ ಸಹಿ ಹಾಕಿಸಿಕೊಂಡು ಬಂದರು. ಅವರದ್ದು ಮೊಂಡು ಅದೃಷ್ಟ ಎಂದೆವು.

ಆ ಜನವರಿಯಲ್ಲೇ ಅಕ್ಕನ ಫೋನು ಬಂತು. ಮಗಳ ಪ್ರಥಮ ಪರಮಪ್ರಸಾದ ಮೇ ತಿಂಗಳ ಮೂರನೆಯ ಭಾನುವಾರ ಎಂದು ಫಾದರ್ ಹೇಳಿದ್ದಾರೆ ಎಂದಳು. ಮಗು ಮೊದಲ ಸಲ ಪೂಜೆಯ ಪವಿತ್ರ ರೊಟ್ಟಿ ಸ್ವೀಕರಿಸುವ ದಿನ; ನಮ್ಮವರಲ್ಲಿ ಮದುವೆ ಬಿಟ್ಟರೆ ದೊಡ್ಡ ದಿನ ಎಂದರೆ ಅದೇ. ಹೆಣ್ಣುಮಕ್ಕಳಿಗೆ ಮದುಮಗಳ ಹಾಗೆ ಬಿಳಿ ಉಡುಪು, ತಲೆಗೆ ಬಿಳಿ ವೇಲು, ಕೈಯಲ್ಲಿ ಮೇಣದ ಬತ್ತಿ. ಮಗುವನ್ನು ಅಪ್ಪ, ಅಮ್ಮ ನಡುವೆ ನಿಲ್ಲಿಸಿಕೊಂಡು ಪೀಠದ ಹತ್ತಿರ ಕರೆದೊಯ್ಯಬೇಕು. ಗಂಡನಿಗೆ ಮೇಯಲ್ಲಿ ಪ್ಲಾಂಟಿನ ಶಟ್‌ಡೌನ್ ಕೆಲಸ, ರಜೆಯ ಮಾತೇ ಇಲ್ಲ. ಇದ್ದವಳು ನಾನೊಬ್ಬಳೇ.

ಮಗಳು ಫೋನು ಕಸಿದುಕೊಂಡು, "ಮಮ್ಮಿ, ಟೀಚರ್ ಹೇಳಿದ್ರು, ಬಲಗಡೆ ಪಪ್ಪ, ಎಡಗಡೆ ಮಮ್ಮಿ ಅಂತ. ಪಪ್ಪ ಬರೂದಿಲ್ಲಲ್ಲ, ದೊಡ್ಡಪ್ಪ ನಿಲ್ತಾರೆ. ನೀನು ಬರ್ತಿ ಅಲ್ವಾ?" ಎಂದಳು.

"ಬರ್ತೇನೆ" ಎಂದೆ. "ಖಂಡಿತ?" ಎಂದಳು. "ಖಂಡಿತ" ಎಂದೆ.

ಅದೇ ದಿನ ಎದ್ದು ಹೋಗಿ ಅರ್ಜಿ ಕೊಟ್ಟಿದ್ದರೆ ನಾನು ಈ ಕತೆ ಬರೆಯಬೇಕಾಗಿರಲಿಲ್ಲ. ಆದರೆ ಊರಿಗೆಲ್ಲ ಗಳಿಗೆ ನೋಡಿ ಕೊಟ್ಟವಳು ತನ್ನ ಮಗಳ ವಿಷಯದಲ್ಲಿ ಗಳಿಗೆ ನೋಡದೆ ಹೋದಾಳೇ? ಬೇರೆಯವರಿಗೆ ಸಾದಾ ಗೆಲುವು ಸಾಕಿತ್ತು. ನನಗೆ ಮಾತ್ರ ತಂಡದ ಸ್ವಂತ ಊರಿನ ಮೈದಾನದಲ್ಲಿ ಎರಡು ಗೋಲಿನ ಅಂತರದ ಗೆಲುವೇ ಆಗಬೇಕೆಂದು ನಿಶ್ಚಯಿಸಿದೆ. ಕಂಪನಿಯಲ್ಲಿ ಇನ್ನೊಂದು ನಿಯಮವಿತ್ತು: ಒಂದು ವಿಭಾಗದಿಂದ ಏಕಕಾಲಕ್ಕೆ ಇಬ್ಬರಿಗಿಂತ ಹೆಚ್ಚು ಮಂದಿ ರಜೆಯಲ್ಲಿರುವಂತಿಲ್ಲ. ಗೋಡೆಯ ಚಾರ್ಟಿನಲ್ಲಿ ಮೇ ತಿಂಗಳು ಖಾಲಿಯಾಗಿ ನಗುತ್ತಿತ್ತು. ಅವಸರವೇನು ಎಂದುಕೊಂಡೆ.

ಫೆಬ್ರವರಿಯಲ್ಲಿ ಆಟ ಶುರುವಾಯಿತು, ಸೋಲೂ ಶುರುವಾಯಿತು. ಮಾರ್ಚಿನ ಹೊತ್ತಿಗೆ ಲೀಗನ್ನು ಎರಡು ಪಂಕ್ತಿ ಮಾಡಿದರು. ಅಲ್ಲಿಯ ಕ್ರಮವೇ ಹಾಗೆ: ಇಪ್ಪತ್ತೆರಡು ಆಟದ ಮೇಲೆ ಮೇಲಿನ ಆರು ತಂಡಗಳು ಕಿರೀಟಕ್ಕೆ ಆಡುತ್ತವೆ, ಕೆಳಗಿನ ಆರು ತಂಡಗಳು ಮಾನ ಉಳಿಸಿಕೊಳ್ಳಲು. ಕೊನೆಯ ಎರಡು ತಂಡಗಳನ್ನು ಕೆಳದರ್ಜೆಗೆ ಅಟ್ಟುತ್ತಾರೆ. ನಮ್ಮವರು ಯಾವ ಪಂಕ್ತಿಯಲ್ಲಿ ಕೂತರೆಂದು ಹೇಳಬೇಕಾಗಿಲ್ಲ. ನಾನು ಶುಕ್ರವಾರದ ಪೂಜೆಯಲ್ಲಿ ಆ ತಂಡಕ್ಕಾಗಿ ಪ್ರಾರ್ಥಿಸತೊಡಗಿದೆ. ಹತ್ತಿರದಲ್ಲಿ ಮೊಣಕಾಲೂರಿದ ಗಂಡ, "ಯಾರಿಗೋಸ್ಕರ ಇಷ್ಟು ಹೊತ್ತು?" ಎಂದು ಕೇಳಿದ. ಅವರ ಗೋಲ್‌ಕೀಪರನಿಗೆ ಮೊಣಕಾಲು ನೋವು ಎಂದೆ. ಅವನು ಮತ್ತೆ ಕೇಳಲಿಲ್ಲ.

ಏಪ್ರಿಲಿನಲ್ಲಿ ಕೊನೆಗೂ ಒಂದು ಗೆಲುವು ಬಂತು. ಊರಿನ ಮೈದಾನದಲ್ಲಿ, ಎರಡು-ಸೊನ್ನೆ. ನಾನು ಕೇಳಿದ್ದನ್ನೇ ಅಳತೆ ತೆಗೆದು ಹೊಲಿದು ಕೊಟ್ಟ ಹಾಗಿತ್ತು. ಸೋಮವಾರ ಬೆಳಿಗ್ಗೆ ನನ್ನ ಫೈಲಿನಲ್ಲಿ ಮೂರು ಅರ್ಜಿಗಳಿದ್ದವು. ಉಡುಪಿಯವರದ್ದು, ಚೇಟನದ್ದು, ನನ್ನದು. ಕ್ಯಾಬಿನ್ನಿನ ಬಾಗಿಲು ತಳ್ಳಿ ನೋಡಿದರೆ ಸಾಹೇಬರ ಮುಖ ಹರಳೆಣ್ಣೆ ಕುಡಿದಂತಿತ್ತು. ಗೆದ್ದ ತಂಡದವರ ಮುಖವೇ ಅಲ್ಲ ಅದು. ನನ್ನ ಕೈ ತಾನಾಗಿ ನನ್ನ ಅರ್ಜಿಯನ್ನು ಫೈಲಿನಿಂದ ಹೊರಗೆಳೆಯಿತು. ಯಾರದೋ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವ ಬುದ್ಧಿ. ಮೊದಲು ಅವರಿಬ್ಬರದ್ದು ಹೋಗಲಿ, ಏನಾಗುತ್ತದೆಂದು ನೋಡೋಣ, ನನ್ನದನ್ನು ನಗುವ ಮುಖಕ್ಕೆ ಕೊಟ್ಟರಾಯಿತು ಎಂದುಕೊಂಡೆ.

ಸಾಹೇಬರು ಎರಡಕ್ಕೂ ತಲೆಯೆತ್ತದೆ ಸಹಿ ಹಾಕಿದರು. ನಾನು ಹೊರಗೆ ಬಂದು ಚಾರ್ಟಿನಲ್ಲಿ ಬಣ್ಣ ತುಂಬಿದೆ. ಉಡುಪಿಯವರದ್ದು ಹಸಿರು, ಮೇ ಎರಡನೆಯ ವಾರದಿಂದ ತಿಂಗಳ ಕೊನೆ. ಚೇಟನದ್ದು ನೀಲಿ, ಅದೂ ಅಷ್ಟೇ. ಹಸಿರಿನ ಕೆಳಗೆ ನೀಲಿ ಎಳೆದು ಮುಗಿಸಿದ ಮೇಲೆ ನನಗೆ ಕಂಡಿತು: ಇಬ್ಬರಾದರು. ಮೂರನೆಯ ಭಾನುವಾರದ ಮೇಲೆ ಎರಡು ಬಣ್ಣ ಕೂತಿತ್ತು, ಎರಡೂ ನನ್ನ ಕೈಯಿಂದಲೇ. ಊರಿಗೆ ಉಪಕಾರಿ, ಮನೆಗೆ ಮಾರಿ.

ಆ ಮಧ್ಯಾಹ್ನ ಊಟದ ಡಬ್ಬಿ ತೆರೆಯಲಿಲ್ಲ. ನೇರ ಉಡುಪಿಯವರ ಹತ್ತಿರ ಹೋದೆ. ನಿಮ್ಮ ರಜೆ ಎರಡು ವಾರ ಮುಂದೆ ಹಾಕುತ್ತೀರಾ ಎಂದು ಕೇಳಿದೆ, ಯಾಕೆಂದೂ ಹೇಳಿದೆ. ಅವರ ಮುಖ ಸಣ್ಣದಾಯಿತು.

"ಅಯ್ಯೋ, ನಿಮ್ಮ ಮಗುವಿನದ್ದು ಅಂತ ಗೊತ್ತಿದ್ರೆ... ಆದ್ರೆ ನಮ್ಮ ಕುಟುಂಬದ ಮನೆಯಲ್ಲಿ ನೇಮ ಉಂಟು ಬಾಯಮ್ಮ. ದೈವದ ದಿನ ನಿಗದಿಯಾಗಿ ಆಯ್ತು. ಅದನ್ನು ಮುಂದೆ ಹಾಕ್ಲಿಕ್ಕೆ ನಾನು ಯಾರು ಮಾರಾಯ್ರೆ?"

ದೈವದ ಜೊತೆ ಚೌಕಾಶಿ ಮಾಡಲು ನನಗೂ ಧೈರ್ಯವಿರಲಿಲ್ಲ. ಚೇಟನ ಹೆಂಡತಿಗೆ ಹೆರಿಗೆಯ ದಿನ ಹತ್ತಿರ; ಅದನ್ನು ಮುಂದೆ ಹಾಕಿ ಎಂದು ಯಾರನ್ನು ಕೇಳುವುದು? ನನ್ನ ಅರ್ಜಿಯನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ. ಅಕ್ಕನಿಗೆ ಹೇಳಲಿಲ್ಲ. ಮಗಳು ದಿನವೂ ವಿಡಿಯೊ ಕರೆಯಲ್ಲಿ ಬಂದು, ಬಿಳಿ ಉಡುಪಿಗೆ ಟೇಲರು ತೋಳು ಹೇಗೆ ಇಟ್ಟಿದ್ದಾನೆ, ಬಿಳಿ ಶೂ ಎಲ್ಲಿ ಕಚ್ಚುತ್ತದೆ ಎಂದೆಲ್ಲ ಹೇಳುತ್ತಿದ್ದಳು. ನಾನು ಹೌದೌದು ಎನ್ನುತ್ತಿದ್ದೆ. ಸುಳ್ಳು ಹೇಳುತ್ತಿದ್ದೇನೆ ಎಂಬ ನಾಚಿಕೆ ನನ್ನನ್ನು ಒಳಗೊಳಗೇ ತಿನ್ನುತ್ತಿತ್ತು.

ಮೇ ತಿಂಗಳ ಮೊದಲ ಭಾನುವಾರ ತಾಳ್ಮೆ ಕೆಟ್ಟಿತು. ಸಂಜೆ ನಾಲ್ಕು ದಾಟಿತ್ತು, ನಮ್ಮ ತಂಡ ಮೂರು ಗೋಲಿನಿಂದ ಹಿಂದಿತ್ತು. ನನ್ನ ಪಂಚಾಂಗದ ಪ್ರಕಾರ ಅದಕ್ಕಿಂತ ಕೆಟ್ಟ ಗಳಿಗೆ ಇಡೀ ವರ್ಷದಲ್ಲಿ ಬಂದಿರಲಿಲ್ಲ. ಮುಳುಗಿದವರಿಗೆ ಚಳಿಯೇನು, ಮಳೆಯೇನು. ಡ್ರಾಯರಿನ ಬೀಗ ತೆಗೆದು ಅರ್ಜಿ ಹಿಡಿದು ಕ್ಯಾಬಿನ್ನಿನ ಬಾಗಿಲು ತಳ್ಳಿದೆ.

ಸಾಹೇಬರು ನಿಂತಿದ್ದರು. ಎರಡೂ ಕೈ ತಲೆಯ ಮೇಲೆ. ಕಣ್ಣಲ್ಲಿ ನೀರು, ಮುಖದ ತುಂಬ ನಗು. ನನ್ನನ್ನು ಕಂಡವರೇ, "ಬನ್ನಿ, ಬನ್ನಿ, ನೋಡಿ!" ಎಂದು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದರು. ಹುಲ್ಲಿನ ಮೇಲೆ ಜೋಳದ ದಂಟಿನಂಥ ಒಬ್ಬ ಉದ್ದನೆಯ ಹುಡುಗ ಓಡುತ್ತಿದ್ದ. "ಈಗಷ್ಟೇ ಒಳಗೆ ಬಿಟ್ಟರು. ಅವನು ನನ್ನ ಮಗ."

ನಾನು ಅಂಗಿಯ ಬೆನ್ನ ಮೇಲಿನ ಹೆಸರು ನೋಡಿದೆ. ಆ ನಾಲ್ವರಲ್ಲಿ ಒಬ್ಬ.

ಎಲ್ಲ ಒಂದೇ ಸಲಕ್ಕೆ ತಿಳಿಯಿತು. ತಂಡ ಗೆದ್ದರೂ ಸೋತರೂ ಈ ಮನುಷ್ಯನಿಗೆ ಏನೂ ಆಗಬೇಕಾಗಿರಲಿಲ್ಲ. ಮಗ ಮೈದಾನಕ್ಕಿಳಿದ ದಿನ ಶಿಳ್ಳೆ, ಬೆಂಚಿನಲ್ಲೇ ಕೂತ ದಿನ ಹರಳೆಣ್ಣೆ. ಏಪ್ರಿಲಿನ ಗೆಲುವಿನಲ್ಲಿ ಅವನನ್ನು ಒಂದು ನಿಮಿಷವೂ ಆಡಿಸಿರಲಿಲ್ಲವಂತೆ. ನಮ್ಮಲ್ಲಿ ಮಗ ತಾಲೂಕು ಮಟ್ಟದ ಕಬಡ್ಡಿಯಲ್ಲಿ ನೀರು ಕೊಡಲು ಹೋಗಿದ್ದರೂ ಬಸ್‌ಸ್ಟ್ಯಾಂಡಿನಲ್ಲಿ ಫ್ಲೆಕ್ಸು ಏಳುತ್ತದೆ. ಇವರ ಮಗ ಒಂದು ದೇಶದ ಅಗ್ರ ಲೀಗಿನಲ್ಲಿ ಆಡುತ್ತಾನೆ, ಹತ್ತು ತಿಂಗಳಲ್ಲಿ ಒಂದು ಮಾತಿಲ್ಲ.

"ನೀವು ಹೇಳಲೇ ಇಲ್ಲ" ಎಂದೆ.

"ಹೇಳುವುದೇನು? ಆಡುವವನು ಅವನು" ಎಂದರು. ಆಮೇಲೆ ನನ್ನ ಕೈಯ ಕಾಗದ ನೋಡಿದರು. ಓದಿದರು. ಹೊರಗಿನ ಚಾರ್ಟಿನ ಕಡೆ ನೋಡಿದರು. ನಗು ಇಳಿಯಿತು. "ಈ ದಿನ ನಿಮಗೆ ಯಾವಾಗ ಗೊತ್ತಾಯಿತು?"

"ಜನವರಿಯಲ್ಲಿ."

"ಜನವರಿಯಲ್ಲಿ ಕೊಟ್ಟಿದ್ದರೆ ಒಂದು ನಿಮಿಷದಲ್ಲಿ ಸಹಿ ಹಾಕುತ್ತಿದ್ದೆ. ಯಾಕೆ ಕೊಡಲಿಲ್ಲ?"

ಸುಳ್ಳು ಹೇಳಿ ಸಾಕಾಗಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಸೋಮವಾರದ ಅರ್ಜಿ, ಡ್ರಾ ಆದರೆ ಕುರ್ಚಿ, ಡೆನ್ಮಾರ್ಕಿನ ಶೂನ್ಯಮಾಸ, ಎಲ್ಲ. ಅವರು ಕುರ್ಚಿಯಲ್ಲಿ ಕೂತು ಕೇಳಿದರು. ಆಗಸ್ಟಿನಲ್ಲಿ ಉಡುಪಿಯವರ ಅರ್ಜಿ ವಾಪಸ್ ಕೊಟ್ಟದ್ದು ಯಾಕೆಂದು ಆಗ ಗೊತ್ತಾಯಿತು: ಆ ಮಹಾಶಯರು ಹೋಗುವ ತಾರೀಖಿಗಿಂತ ಹಿಂದಿನ ತಾರೀಖನ್ನು ಬರುವ ತಾರೀಖೆಂದು ಬರೆದಿದ್ದರಂತೆ. "ಸಹಿ ಹಾಕುವುದಿಲ್ಲ ಎಂದು ನಾನು ಯಾರಿಗೂ ಹೇಳಿದವನಲ್ಲ. ನಿಮ್ಮವರೆಲ್ಲ ಸೋಮವಾರವೇ ಅರ್ಜಿ ತರುವುದು ನೋಡಿ, ಅದು ಇಲ್ಲಿಯ ಪದ್ಧತಿ ಎಂದುಕೊಂಡಿದ್ದೆ" ಎಂದರು.

ಮನುಷ್ಯ ಒಳ್ಳೆಯವರು. ನನ್ನೆದುರೇ ರಜೆಯ ವಿಭಾಗಕ್ಕೆ ಫೋನು ಮಾಡಿ ಇಂಗ್ಲಿಷಿನಲ್ಲಿ ವಾದ ಮಾಡಿದರು. ಆ ಕಡೆಯಿಂದ ಬಂದ ಉತ್ತರ ನನಗೂ ಕೇಳಿಸಿತು. ಮೇ ತಿಂಗಳಲ್ಲಿ ಕಟ್ಟಡ ಹಸ್ತಾಂತರವಿದೆ, ಇಬ್ಬರು ಅಂದರೆ ಇಬ್ಬರು, ಖಲಾಸ್. ಅಷ್ಟರಲ್ಲಿ ಲ್ಯಾಪ್‌ಟಾಪಿನಲ್ಲಿ ಜನ ಕೂಗಿದರು, ಸಾಹೇಬರ ಕಣ್ಣು ಅತ್ತ ಹೋಯಿತು. ಅವರ ಮಗ ಚೆಂಡನ್ನು ಆಕಾಶಕ್ಕೆ ಒದ್ದಿದ್ದ. ಆ ಕ್ಷಣ ನನಗೆ ಬಂದದ್ದು ಹೊಟ್ಟೆಕಿಚ್ಚು, ಬೇರೇನಲ್ಲ. ದೂರದಲ್ಲಿದ್ದರೂ ಮಗನ ಒಂದು ಆಟವನ್ನೂ ತಪ್ಪಿಸದ ಅಪ್ಪ ಆತ. ನಾನು ಆತನ ಮುಖ ನೋಡುತ್ತ ಕೂತು ನನ್ನ ಮಗಳ ದಿನವನ್ನು ಕಳೆದುಕೊಂಡ ಅಮ್ಮ.

ಆ ಸಂಜೆ ಮಗಳಿಗೆ ಹೇಳಿದೆ. ಅವಳು ಅಳಲಿಲ್ಲ. "ಹಾಗಾದ್ರೆ ಎಡಗಡೆ ದೊಡ್ಡಮ್ಮ ನಿಲ್ಲಲಿ" ಎಂದಳು. ಅತ್ತಿದ್ದರೆ ಚೆನ್ನಾಗಿತ್ತು ಎನಿಸಿತು.

ಊರಿಗೆ ಹೊರಡುವ ಮೊದಲು ಉಡುಪಿಯವರು ನನ್ನ ಮೇಜಿನ ಹತ್ತಿರ ನಿಂತು ಎಲ್ಲ ಕೇಳಿಸಿಕೊಂಡರು. ತಾರೀಖಿನ ವಿಷಯಕ್ಕೆ ಸ್ವಲ್ಪ ಕೆಮ್ಮಿದರು. ಆಮೇಲೆ ದನಿ ತಗ್ಗಿಸಿ, "ಹಾಗಾದ್ರೆ ಇನ್ನು ಮಗ ಆಡಿದನಾ ಇಲ್ಲವಾ ಅಂತ ನೋಡಿ ಕಳಿಸುವಾ, ಅಲ್ವಾ ಬಾಯಮ್ಮ?" ಎಂದರು. ನಮ್ಮವರ ನಂಬಿಕೆಗೆ ಸಾವಿಲ್ಲ. ತಂಡ ಮರುವಾರವೇ ಕೆಳದರ್ಜೆಗೆ ಇಳಿಯುವುದು ಖಚಿತವಾಯಿತು. ಇನ್ನು ಕಳೆದುಕೊಳ್ಳಲು ಏನೂ ಇಲ್ಲವೆಂದು ಕೋಚು ಎಳೆಯ ಹುಡುಗರನ್ನೆಲ್ಲ ಇಳಿಸಿದನಂತೆ. ಸಾಹೇಬರ ಮಗ ಮೊದಲ ಸಲ ಪೂರ್ತಿ ಆಟ ಆಡಿದ. ಸಾಹೇಬರು ಇಡೀ ವಿಭಾಗಕ್ಕೆ ಕೇಕು ತರಿಸಿದರು. ತಂಡ ಮುಳುಗಿದ್ದಕ್ಕೆ ಕೇಕು ಕತ್ತರಿಸಿದ ಕಚೇರಿ ಜಗತ್ತಿನಲ್ಲಿ ನಮ್ಮದೊಂದೇ ಇರಬೇಕು.

ಮೂರನೆಯ ಭಾನುವಾರ ಊರಿನಲ್ಲಿ ಪೂಜೆ ಶುರುವಾಗುವಾಗ ದೋಹಾದಲ್ಲಿ ಬೆಳಿಗ್ಗೆ ಏಳೂವರೆ. ನಾನು ಕೆಲಸದ ಮೇಜಿನಲ್ಲಿದ್ದೆ. ಭಾವ ಹಿಂದಿನ ಬೆಂಚಿನಿಂದ ವಿಡಿಯೊ ಕರೆ ಮಾಡಿ ಫೋನನ್ನು ಎತ್ತಿ ಹಿಡಿದಿದ್ದರು. ನಾನು ಮೊಬೈಲನ್ನು ಸ್ಟೇಪ್ಲರಿಗೆ ಒರಗಿಸಿಟ್ಟು ಕಿವಿಗೆ ವಯರು ಸಿಕ್ಕಿಸಿಕೊಂಡೆ. ಚರ್ಚಿನ ಮುಂದಿನ ಸಾಲಿನಲ್ಲಿ ಮಕ್ಕಳು ಬೆನ್ನು ಹಾಕಿ ಕೂತಿದ್ದರು. ಗಂಡುಮಕ್ಕಳು ಒಂದು ಕಡೆ, ಹೆಣ್ಣುಮಕ್ಕಳು ಇನ್ನೊಂದು ಕಡೆ, ಸಾಲಾಗಿ ಬಿಳಿ ವೇಲುಗಳು.

ಹೆಗಲ ಹಿಂದೆ ಯಾರೋ ನಿಂತರು. ಸಾಹೇಬರು. ಬೈಯಲು ಬಂದದ್ದಲ್ಲ. ಪಕ್ಕದ ಮೇಜಿನ ಕುರ್ಚಿ ಎಳೆದುಕೊಂಡು ಕೂತರು. ಸ್ವಲ್ಪ ಹೊತ್ತು ನೋಡಿ, "ನಿಮ್ಮ ಮಗಳು ಯಾವುದು?" ಎಂದು ಕೇಳಿದರು.

"ಎಡಗಡೆಯಿಂದ ಮೂರನೆಯವಳು" ಎಂದೆ. ಯೋಚಿಸಲೇ ಇಲ್ಲ. ಆ ಮಗು ತಲೆಯನ್ನು ಸ್ವಲ್ಪ ವಾಲಿಸಿ ಕೂತಿತ್ತು, ನನ್ನ ಮಗಳೂ ಹಾಗೆಯೇ ಕೂರುವವಳು. ಸಾಹೇಬರು ಮುಂದಕ್ಕೆ ಬಾಗಿ ಆ ಮಗುವನ್ನೇ ನೋಡಿದರು. ನಾನೂ ನೋಡಿದೆ. ಎಷ್ಟು ಎತ್ತರವಾಗಿದ್ದಾಳೆ ಎಂದು ಎದೆ ತುಂಬಿ ಬಂತು. ಉಡುಪು ಭುಜದಲ್ಲಿ ಸರಿಯಾಗಿ ಕೂತಿದೆ ಎಂದೂ ಹೇಳಿದೆ. ಅಷ್ಟರಲ್ಲಿ ಆ ಮಗು ಹಿಂದೆ ತಿರುಗಿ ತನ್ನವರನ್ನು ಹುಡುಕಿತು. ಯಾರದೋ ಮಗು.

ಉಳಿದ ವೇಲುಗಳನ್ನು ಒಂದೊಂದಾಗಿ ನೋಡಿದೆ. ದಿನವೂ ವಿಡಿಯೊದಲ್ಲಿ ಅವಳ ಮುಖ ನೋಡುತ್ತೇನೆ, ಹಲ್ಲು ಯಾವುದು ಬಿತ್ತು, ಯಾವುದು ಬಂತು ಎಂದು ಹೇಳಬಲ್ಲೆ. ಆದರೆ ಬೆನ್ನನ್ನು ಫೋನಿಗೆ ಯಾರು ತೋರಿಸುತ್ತಾರೆ? ಎರಡು ವರ್ಷದಲ್ಲಿ ಅವಳ ಭುಜ ಎಷ್ಟು ಅಗಲವಾಗಿದೆ, ಕುತ್ತಿಗೆ ಎಷ್ಟು ಉದ್ದವಾಗಿದೆ ಎಂದು ನನಗೆ ಗೊತ್ತಿರಲಿಲ್ಲ.

ಫಾದರ್ ಹೆಸರು ಕರೆಯತೊಡಗಿದರು. ಒಂದೊಂದೇ ಮಗು ಎದ್ದು ನಿಂತಾಗ ಅಪ್ಪ ಅಮ್ಮ ಬಂದು ಎರಡು ಬದಿ ನಿಲ್ಲುತ್ತಿದ್ದರು. ಭಾವ ಫೋನನ್ನು ಬೇರೆ ಯಾರದೋ ಕೈಗೆ ಕೊಟ್ಟಿರಬೇಕು, ಚಿತ್ರ ಒಂದು ಸಲ ಅಲುಗಾಡಿತು, ಧ್ವನಿಯೂ ತುಂಡಾಯಿತು. ಮತ್ತೆ ಸರಿಯಾದಾಗ ಸಾಲಿನ ಆ ಕೊನೆಯಲ್ಲಿ ಒಬ್ಬಳು ಎದ್ದು ನಿಂತಿದ್ದಳು. ಅವಳ ಎಡಗಡೆಗೆ ಒಂದು ನೀಲಿ ಸೀರೆ ಬಂದು ನಿಂತಿತು. ಕ್ರಿಸ್ಮಸ್ಸಿಗೆ ನಾನು ಅಕ್ಕನಿಗೆ ಕಳಿಸಿದ ಸೀರೆ.

"ಇವಳು" ಎಂದು ಸಾಹೇಬರಿಗೆ ತೋರಿಸಿದೆ. ಸೀರೆ ನೋಡಿ ಗುರುತಿಸಿದೆನೆಂದು ಅವರಿಗೆ ಹೇಳಲಿಲ್ಲ.